ರುಬ್ಬುವ ಕಲ್ಲಿನ ಪಕ್ಕ ಓದಿದ ಕಾಗದ

ಗುಟ್ಟಿನ ಮಾತಾಡುವಾಗ ನಾನು ಮಿಕ್ಸಿ ಹಾಕುತ್ತೇನೆ. ಜಾರಿನಲ್ಲಿ ಏನೂ ಇಲ್ಲದಿದ್ದರೂ ಹಾಕುತ್ತೇನೆ. ಮೇಲಿನ ಮನೆಯವರ ಅಳಿಯ ಕೆಲಸ ಬಿಟ್ಟ ಸುದ್ದಿಯಿರಲಿ, ನಮ್ಮ ವಿಭಾಗದ ಮುಖ್ಯಸ್ಥರ ಸಕ್ಕರೆ ಕಾಯಿಲೆಯಿರಲಿ, ಮೊದಲು ಸ್ವಿಚ್ಚು, ಆಮೇಲೆ ಮಾತು. ಹೀಗೆ ಖಾಲಿ ತಿರುಗಿ ಎರಡು ಮೋಟಾರು ಸುಟ್ಟುಹೋಗಿವೆ. ನನ್ನ ಮಗಳು ಚೆನ್ನೈಯಲ್ಲೇ ಹುಟ್ಟಿ ಬೆಳೆದವಳು. ಕನ್ನಡದಲ್ಲಿ ಬೈದರೆ ಅರ್ಧ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. "ಅಮ್ಮಾ, ಮೊದಲ್ಲ ಮಿಕ್ಸಿಯ ನಿರುತ್ತು," ಮೊದಲು ಮಿಕ್ಸಿ ನಿಲ್ಲಿಸು ಎಂದು. "ನೀನು ಹೇಳೋದು ನನಗೇ ಕೇಳ್ತಿಲ್ಲ."

ಈ ಅಭ್ಯಾಸ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಒಂದು ಕಥೆ ಸಿದ್ಧವಿತ್ತು. ಆದಿ, ಮಧ್ಯ, ಅಂತ್ಯ, ನೀತಿ ಎಲ್ಲ ಇದ್ದ ಕಥೆ. ಅಷ್ಟು ನೀಟಾಗಿ ಮಡಿಸಿಟ್ಟ ನೆನಪನ್ನು ನಾನು ಮೊದಲೇ ಅನುಮಾನಿಸಬೇಕಿತ್ತು. ಬೇರೆಯವರ ನೆನಪುಗಳನ್ನು ಅನುಮಾನಿಸುವುದೇ ನನ್ನ ಕಸುಬು. ನನ್ನದಕ್ಕೆ ಮಾತ್ರ ರಿಯಾಯಿತಿ ಕೊಟ್ಟಿದ್ದೆ.

ಕಸುಬು ಎಂದೆ. ನಾನು ಕಾಲೇಜಿನಲ್ಲಿ ಪಾಠ ಹೇಳುವ ವಿಷಯದ ಹೆಸರು ಮಾಹಿತಿಯ ತತ್ವ ಮತ್ತು ನೀತಿ. ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಾದರೆ ಏನಾಗುತ್ತದೆ, ಗೊತ್ತಾದದ್ದನ್ನು ಏನು ಮಾಡಬಹುದು, ಏನು ಮಾಡಬಾರದು, ಇಷ್ಟೇ. ಇದನ್ನು ಹೇಳಿಕೊಂಡು ಸಂಬಳ ತೆಗೆದುಕೊಳ್ಳಬಹುದು ಎಂದು ನಮ್ಮ ಬಂಧುಬಳಗ ಇವತ್ತಿಗೂ ನಂಬಿಲ್ಲ. ಉಡುಪಿ ಕಡೆಯ ಒಂದು ಮದುವೆಯಲ್ಲಿ ನನ್ನ ಚಿಕ್ಕಮ್ಮ ಪಕ್ಕದವರಿಗೆ ಪರಿಚಯ ಮಾಡಿಕೊಟ್ಟದ್ದು ಹೀಗೆ: "ಇವಳು ಮದ್ರಾಸಿನಲ್ಲಿ ಕಂಪ್ಯೂಟರಿಗೆ ಪಾಠ ಹೇಳುವುದು. ಸುಳ್ಳು ಹೇಳಬೇಡ, ಕದಿಯಬೇಡ, ಹಾಗೆಲ್ಲ." ಪಕ್ಕದವರು, "ಹೌದಾ? ಅದು ಕೇಳ್ತದಾ?" ಎಂದರು. ನಾನು ಹೋಳಿಗೆಗೆ ತುಪ್ಪ ಹಾಕಿಸಿಕೊಂಡೆ.

ನಿಜ ಹೇಳಬೇಕೆಂದರೆ ಈ ವಿಷಯವನ್ನು ನಾನು ಆರಿಸಿಕೊಂಡದ್ದಲ್ಲ. ತರ್ಕಶಾಸ್ತ್ರ ಓದಿ ಕೆಲಸವಿಲ್ಲದೆ ಕೂತಿದ್ದಾಗ ಅಂಬತ್ತೂರಿನ ಕಡೆ ಒಂದು ಎಂಜಿನಿಯರಿಂಗ್ ಕಾಲೇಜಿನವರು ಕರೆದರು. ಕಂಪ್ಯೂಟರ್ ಹುಡುಗರಿಗೆ ನೀತಿ ಎಂಬ ಒಂದು ಕಡ್ಡಾಯ ಪತ್ರಿಕೆ ಇತ್ತು, ಅದನ್ನು ಹೇಳಲು ಯಾರೂ ಒಪ್ಪಿರಲಿಲ್ಲ. ನನ್ನ ತರಗತಿ ಊಟವಾದ ಮೇಲಿನ ಮೊದಲ ಗಂಟೆ. ಹೊರಗೆ ಕಾರ್ಖಾನೆಗಳ ಸದ್ದು, ಒಳಗೆ ಅರವತ್ತು ಜನರ ತೂಕಡಿಕೆ. ಏನಾದರೂ ಮಾಡಿ ಇವರನ್ನು ಎಬ್ಬಿಸಬೇಕಿತ್ತು. ಆಗ ಬಂತು ಆ ಕಥೆ.

ಕಥೆ ಇದು. ನನ್ನ ಅಪ್ಪ ವಡಪಳನಿಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಹಣ ತೆಗೆದುಕೊಳ್ಳುವ ಗಲ್ಲಾದಲ್ಲಿ ಕೂರುತ್ತಿದ್ದರು. ಅಡುಗೆಯವರು, ಸಪ್ಲೈಯರುಗಳು, ಕ್ಲೀನರುಗಳು ಎಲ್ಲ ನಮ್ಮ ಊರಿನ ಕಡೆಯವರೇ, ಮೂವತ್ತು ನಲವತ್ತು ಜನ. ಹಲವರಿಗೆ ಓದಲು ಬರುತ್ತಿರಲಿಲ್ಲ. ಊರಿನಿಂದ ಬಂದ ಕಾಗದಗಳನ್ನು ಅಪ್ಪನೇ ಓದಿ ಹೇಳಬೇಕು, ಉತ್ತರವನ್ನೂ ಬರೆಯಬೇಕು. ಅಪ್ಪ ಆ ಕಾಗದಗಳನ್ನು ಎಂದೂ ಗಲ್ಲಾದ ಹತ್ತಿರ ಓದುತ್ತಿರಲಿಲ್ಲ. ಕಾಗದದವನನ್ನು ಹಿಂದಿನ ಅಡುಗೆಮನೆಗೆ ಕರೆದುಕೊಂಡು ಹೋಗಿ, ಇಡ್ಲಿಗೆ ರುಬ್ಬುವ ದೊಡ್ಡ ಕಲ್ಲನ್ನು ತಿರುಗಲು ಬಿಟ್ಟು, ಆ ಸದ್ದಿನ ಮರೆಯಲ್ಲಿ ಅವನ ಕಿವಿಯಲ್ಲಿ ಓದುತ್ತಿದ್ದರು. ಬೇರೆ ಯಾರಿಗೂ ಒಂದಕ್ಷರ ಕೇಳಿಸಬಾರದು ಎಂದು. ಐದನೇ ಕ್ಲಾಸು ದಾಟದ ಒಬ್ಬ ಹೋಟೆಲಿನ ಮನುಷ್ಯ ಖಾಸಗಿತನದ ಗೋಡೆಯನ್ನು ಬರಿಯ ಸದ್ದಿನಿಂದ ಕಟ್ಟಿದ್ದ. ಉದಾಹರಣೆಗೆ ಒಂದು ಕಾಗದ, ಎಂದು ನಾನು ಮುಂದುವರಿಸುತ್ತಿದ್ದೆ. ಆ ಕಾಗದದ ವಿಷಯ ಹೇಳುತ್ತಿದ್ದೆ. ಅರವತ್ತು ಜನರಲ್ಲಿ ನಲವತ್ತು ಜನ ಎದ್ದು ಕೂರುತ್ತಿದ್ದರು.

ಪ್ರತಿ ವರ್ಷ ಹೇಳಿದೆ. ಪ್ರತಿ ವರ್ಷ ಅದು ಸ್ವಲ್ಪ ಚೆನ್ನಾಯಿತು. ಒಂದು ವರ್ಷ ಅಪ್ಪನ ಬಿಳಿ ಅಂಗಿಯ ಮೇಲೆ ಹಿಟ್ಟಿನ ಹನಿ ಸಿಡಿಯಿತು. ಇನ್ನೊಂದು ವರ್ಷ ಓದಿ ಮುಗಿಸಿದ ಅಪ್ಪ ಕಾಗದವನ್ನು ಮಡಚಿ ಆಳಿನ ಅಂಗೈಯಲ್ಲಿಟ್ಟು ಅವನ ಬೆರಳುಗಳನ್ನು ತಾವೇ ಮುಚ್ಚಿದರು. ನಡೆದ ಸಂಗತಿಗಳು ವರ್ಷ ವರ್ಷ ಚೆನ್ನಾಗುತ್ತ ಹೋಗುವುದಿಲ್ಲ, ಬಣ್ಣ ಬಿಡುತ್ತ ಹೋಗುತ್ತವೆ. ಅಷ್ಟೂ ಹೊಳೆಯಲಿಲ್ಲ ನನಗೆ. ಕೊನೆಗೆ ಅದನ್ನೊಂದು ಲೇಖನ ಮಾಡಿ ಇಂಗ್ಲಿಷ್ ಪತ್ರಿಕೆಯೊಂದಕ್ಕೆ ಕಳಿಸಿದೆ. ನನ್ನ ಇತರ ಲೇಖನಗಳನ್ನು ಓದಿದವರನ್ನು ಒಂದು ಆಟೋದಲ್ಲಿ ಕೂರಿಸಬಹುದು. ಇದು ಮಾತ್ರ ಓಡಿತು. ಬೇರೆ ಊರಿನ ಕಾಲೇಜುಗಳು ಪಾಠಕ್ಕೆ ಹಚ್ಚಿಕೊಂಡವು. ಆಗ ಬರಬೇಕಾಗಿದ್ದ ನನ್ನ ಪುಸ್ತಕದ ಮೊದಲ ಅಧ್ಯಾಯವೂ ಅದೇ ಆಗಿತ್ತು.

ಹೋದ ವರ್ಷ ಒಂದು ಫೋನು ಬಂತು. ಮಾಡಿದವಳು ದಿವ್ಯಾ, ಶೀನಣ್ಣನ ಮೊಮ್ಮಗಳು. ಶೀನಣ್ಣ ಅಪ್ಪನ ಹೋಟೆಲಿನಲ್ಲಿ ರುಬ್ಬುವ ಕೆಲಸಕ್ಕೆ ಸೇರಿ ದೊಡ್ಡ ಅಡುಗೆಯವರಾಗಿ ನಿವೃತ್ತರಾದವರು. ಈಗ ಹೆಂಡತಿ ಸರೋಜಕ್ಕನ ಜೊತೆ ಪೋರೂರಿನಲ್ಲಿ ಮಗನ ಮನೆಯಲ್ಲಿದ್ದಾರೆ. ಮದುವೆ ಮುಂಜಿಗಳಲ್ಲಿ ಕಂಡು ಮಾತಾಡುವಷ್ಟು ಬಳಕೆ ನಮಗುಂಟು.

"ಆಂಟಿ, ನಿಮ್ಮ ಆರ್ಟಿಕಲ್ ನಮ್ಮ ಕ್ಲಾಸಲ್ಲಿ ಕೊಟ್ಟಿದ್ರು," ಎಂದಳು ದಿವ್ಯಾ. "ವಡಪಳನಿ ಹೋಟೆಲ್ ಅಂತ ಇತ್ತಲ್ಲ, ನಾನು ಖುಷಿಯಾಗಿ ಅಜ್ಜಿಗೆ ಓದಿ ಹೇಳ್ದೆ. ಅದರಲ್ಲಿ ಆ ಕಾಗದ ಬಂದ ಅಡುಗೆಯವ ಇದ್ದಾನಲ್ಲ."

"ಹೆಸರು ಹಾಕಿಲ್ಲ ನಾನು."

"ಹೆಸರಿಲ್ಲ. ಆದರೆ ಕಾಫಿ ಕುಡಿಯೋ ಮುಂಚೆ ಅವನು ಒಂದು ಕೆಲಸ ಮಾಡ್ತಾನೆ ಅಂತ ಬರೆದಿದ್ದೀರಿ. ಅಜ್ಜ ಡೈಲಿ ಮಾಡ್ತಾರೆ ಅದನ್ನ. ಅಜ್ಜಿಗೆ ಗೊತ್ತಾಯ್ತು. ಹನ್ನೊಂದು ದಿನ ಆಯ್ತು ಆಂಟಿ, ಅಜ್ಜಿ ಅಜ್ಜನ ಹತ್ರ ಮಾತಾಡ್ತಿಲ್ಲ."

ಇಲ್ಲಿ ನಿಂತು ನಿಮಗೊಂದು ಮಾತು ಹೇಳಬೇಕು. ಶೀನಣ್ಣ, ಸರೋಜಕ್ಕ, ದಿವ್ಯಾ ಎಂಬುವು ಅವರ ಹೆಸರುಗಳಲ್ಲ. ಮನೆ ಪೋರೂರಿನಲ್ಲಿ ಇರಬಹುದು, ಇಲ್ಲದಿರಬಹುದು. ಕಾಫಿಗೆ ಮುಂಚೆ ಮಾಡುವುದೇನೆಂದು ಬರೆಯುವುದಿಲ್ಲ. ಕಾಗದದ ವಿಷಯವನ್ನೂ ಬರೆಯುವುದಿಲ್ಲ. ಶೀನಣ್ಣನಿಗೆ ಸರೋಜಕ್ಕನಿಗಿಂತ ಮೊದಲು ಒಂದು ಮದುವೆ ಗೊತ್ತಾಗಿತ್ತು, ಅದು ಮುರಿದ ಸುದ್ದಿ ಅದರಲ್ಲಿತ್ತು ಎಂದಷ್ಟು ತಿಳಿದರೆ ಸಾಕು. ಯಾಕೆ ಮುರಿಯಿತು ಎಂಬುದನ್ನು ಲೇಖನದಲ್ಲಿ ಎರಡು ಸಾಲಿನಲ್ಲಿ, ಸಾಕಷ್ಟು ತಮಾಷೆಯಾಗಿ ಬರೆದಿದ್ದೆ. ನಿಮಗೆ ಕುತೂಹಲವಾದರೆ ತಪ್ಪಿಲ್ಲ. ನಾನು ಹೇಳಿದರೆ ತಪ್ಪು. ಈ ಪ್ರಬಂಧವನ್ನು ಅಚ್ಚಿಗೆ ಕೊಡುವ ಮುಂಚೆ ಇಬ್ಬರಿಗೂ ಓದಿ ಹೇಳಿದ್ದೇನೆ. ಸರೋಜಕ್ಕ ಒಂದು ಇಡೀ ಪ್ಯಾರಾ ತೆಗೆಸಿದರು. ಎಲ್ಲಿತ್ತು ಎಂದು ಹುಡುಕಬೇಡಿ.

ಭಾನುವಾರ ಬೆಳಿಗ್ಗೆ ಹೋದೆ. ಸರೋಜಕ್ಕ ಬಾಗಿಲು ತೆಗೆದರು, "ಬಾ" ಎಂದರು, ಒಳಗೆ ಹೋದರು. ಪಾತ್ರೆಗಳ ಸದ್ದು ಬೇಕಾದ್ದಕ್ಕಿಂತ ಹೆಚ್ಚಾಗಿ ಬರತೊಡಗಿತು. ಶೀನಣ್ಣ ಬಾಲ್ಕನಿಯಲ್ಲಿ ಬೀನ್ಸ್ ಹೆಚ್ಚುತ್ತ ಕೂತಿದ್ದರು, ಇಪ್ಪತ್ತು ಜನರಿಗಾಗುವಷ್ಟು.

"ಓದು ಕಾಣುವ, ಎಂತ ಬರ್ದಿದ್ದಿ," ಎಂದರು.

ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡ ಮಾಡುತ್ತ ಮೆಲ್ಲಗೆ ಓದಿದೆ. ಅಪ್ಪ ಅಡುಗೆಮನೆಗೆ ಕರೆದುಕೊಂಡು ಹೋಗುವುದು, ಕಲ್ಲು ತಿರುಗುವುದು, ಸದ್ದಿನ ಮರೆ, ಕಿವಿಯಲ್ಲಿ ಓದುವುದು. ಶೀನಣ್ಣನ ಚೂರಿ ನಿಂತಿತು.

"ಕಿವಿಯಲ್ಲಿ? ಯಾರು, ನಿನ್ನಪ್ಪ?"

"ಹೌದು."

"ಕಲ್ಲು ತಿರುಗುವಾಗ ಕಿವಿಯಲ್ಲಿ ಓದಿದರೆ ನನಗೆ ಕೇಳುವುದು ಹೇಗೆ ಮಾರಾಯ್ತಿ? ನಿನ್ನಪ್ಪ ಬೊಬ್ಬೆ ಹೊಡೆದು ಓದ್ತಿದ್ದರು. ಪಾತ್ರೆ ತೊಳೆಯುವ ಜಾಗದವರೆಗೆ ಕೇಳ್ತಿತ್ತು. ಮಲಯಾಳಿ ಟೀ ಅಂಗಡಿಯವ ಒಂದು ಸಲ ಹಿಂದಿನ ಗೋಡೆಯಿಂದ ಇಣುಕಿ ಕೇಳಿದ್ದ, ಇಲ್ಲಿ ಯಾರಿಗೆ ಬೈಯುವುದು ಅಂತ."

"ಹಾಗಾದರೆ ಕಲ್ಲನ್ನು ಯಾಕೆ ಹಾಕುತ್ತಿದ್ದರು?"

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಇಷ್ಟು ಓದಿದವಳಿಗೆ ಹೇಗೆ ಹೇಳುವುದು ಎಂಬಂತೆ. "ಇಡ್ಲಿಗೆ," ಎಂದರು. "ಮೂರು ಗಂಟೆಗೆ ಅಲ್ವಾ ಉದ್ದು ಹಾಕುವುದು? ಊಟದ ಗಲಾಟೆ ಮುಗಿದು ನಿನ್ನಪ್ಪನಿಗೆ ಬಿಡುವಾಗುವುದೂ ಮೂರಕ್ಕೆ. ಅವರಿಗೆ ಕಾಗದ ಓದಲಿಕ್ಕುಂಟು, ನನಗೆ ರುಬ್ಬಲಿಕ್ಕುಂಟು. ಎರಡೂ ಒಟ್ಟಿಗೆ ಆಯ್ತು. ಅಷ್ಟೇ."

ಅವರು ಮತ್ತೆ ಚೂರಿ ಎತ್ತಿಕೊಂಡು, ಬೀನ್ಸ್ ಕಡೆಗೇ ನೋಡುತ್ತ ಕೇಳಿದರು: "ಅಲ್ಲ, ಯಾರಿಗೂ ಕೇಳಬಾರದು ಅಂತ ಓದಿದ್ದರೆ, ನನ್ನ ಕಾಗದದಲ್ಲಿ ಎಂತ ಇತ್ತು ಅಂತ ನಿನಗೆ ಹೇಗೆ ಗೊತ್ತಾಯ್ತು?"

ಓದುಗರೇ, ತರ್ಕಶಾಸ್ತ್ರದಲ್ಲಿ ನನಗೆ ಚಿನ್ನದ ಪದಕವಿದೆ. ಈ ಕಥೆಯನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷ ಹೇಳಿದ್ದೇನೆ. ಸಾವಿರಾರು ಮಕ್ಕಳು ಕೇಳಿದ್ದಾರೆ. ಪತ್ರಿಕೆಯವರು ಇಬ್ಬರು ವಿದ್ವಾಂಸರಿಗೆ ಕಳಿಸಿ ಪರೀಕ್ಷೆ ಮಾಡಿಸಿದ್ದಾರೆ. ಅದರಲ್ಲೊಬ್ಬರು ಅಲ್ಪವಿರಾಮಗಳ ಬಗ್ಗೆ ಒಂದು ಪುಟ ಬರೆದಿದ್ದರು. ಕಲ್ಲಿನ ಸದ್ದು ಕಾಗದವನ್ನು ಮುಚ್ಚಿದ್ದರೆ, ಆಚೆ ಅಕ್ಕಿ ಮೂಟೆಯ ಮೇಲೆ ಹೋಂವರ್ಕ್ ಮಾಡುತ್ತ ಕೂತಿದ್ದ ಹುಡುಗಿಗೆ, ಅಂದರೆ ನನಗೆ, ಅದು ಹೇಗೆ ಕೇಳಿಸಿತು ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ನೆನಪು ಚೆನ್ನಾಗಿದ್ದರೆ ಅದರಲ್ಲಿರುವ ತೂತು ಕಾಣುವುದಿಲ್ಲ.

ಅಪ್ಪ ಬೊಬ್ಬೆ ಹೊಡೆದು ಓದುತ್ತಿದ್ದರು ಎಂದು ಒಪ್ಪಿಕೊಂಡ ಕೂಡಲೇ ಇನ್ನೊಂದು ಅಡುಗೆಮನೆ ಎದ್ದು ನಿಂತಿತು. ಅಪ್ಪನ ಕುತ್ತಿಗೆಯ ನರ ಉಬ್ಬಿದೆ. ಬದನೆಕಾಯಿ ಹೆಚ್ಚುವವರು ಕೈ ನಿಲ್ಲಿಸಿದ್ದಾರೆ. ಯಾರೋ ಬಿಕ್ಕುತ್ತಿದ್ದಾರೆ, ಯಾರೋ ನಗುತ್ತಿದ್ದಾರೆ. ಇದು ನಿಜವಾದ ನೆನಪೋ, ಶೀನಣ್ಣ ಹೇಳಿದ ಮೇಲೆ ಹುಟ್ಟಿದ್ದೋ, ಹೇಳಲಾರೆ. ಈ ಸಲ ಇದಕ್ಕೂ ಪೂರ್ತಿ ಬಾಗಿಲು ತೆರೆದಿಲ್ಲ.

"ಹಾಗಾದರೆ ನಿಮ್ಮ ವಿಷಯ ಎಲ್ಲರಿಗೂ ಗೊತ್ತಿತ್ತು," ಎಂದೆ.

"ಗೊತ್ತಿತ್ತು ಅಂದರೆ? ಒಂದು ವರ್ಷ ನನ್ನ ಹೆಸರೇ ಹೋಗಿತ್ತು. ಆ ಹುಡುಗಿ ಊರಿನ ಹೆಸರು ಹಿಡಿದೇ ಕರೀತಿದ್ದರು ನನ್ನನ್ನು, ದರಿದ್ರದವರು." ನಕ್ಕರು. "ಆದರೆ ಕೇಳು. ಆ ನಲವತ್ತು ಜನ ವರ್ಷಕ್ಕೊಂದು ಸಲ ಊರಿಗೆ ಹೋಗ್ತಿದ್ದರು. ಇವಳ ಅಪ್ಪನ ಮನೆ ಎದುರಿಗೇ ಬಸ್ಸು ಇಳಿಯುವವರಿದ್ದರು. ನಮ್ಮ ಮದುವೆಗೆ ಅವರೇ ಬಡಿಸಿದ್ದು. ಒಬ್ಬ, ಒಬ್ಬನಾದರೂ ಬಾಯಿ ಬಿಟ್ಟಿದ್ದಾನಾ? ಅಡುಗೆಮನೆಯಲ್ಲಿ ಕೇಳಿದ್ದು ಅಡುಗೆಮನೆಯಲ್ಲಿ. ಯಾರೂ ಹೇಳಿಕೊಟ್ಟದ್ದಲ್ಲ ಅದು. ಎಲ್ಲರ ಕಾಗದವೂ ಅಲ್ಲೇ ಓದುವುದಲ್ವಾ."

ಅವರು ನನ್ನ ಮೇಲೆ ತಪ್ಪು ಹೊರಿಸಲಿಲ್ಲ. ಹೊರಿಸುವ ಅಗತ್ಯವಿರಲಿಲ್ಲ. ಆ ಅಡುಗೆಮನೆಯಲ್ಲಿ ಕೇಳಿಸಿಕೊಂಡವರು ನಲವತ್ತು ಜನವಲ್ಲ, ನಲವತ್ತೊಂದು. ಹಲವರಿಗೆ ಓದಲೂ ಬಾರದ ಆ ನಲವತ್ತು ಜನ ಹೊಸ್ತಿಲು ದಾಟಿಸಲಿಲ್ಲ. ಮೂಟೆಯ ಮೇಲೆ ಕೂತಿದ್ದವಳು ದಾಟಿಸಿದಳು. ಅದೂ ಖಾಸಗಿತನದ ಬಗ್ಗೆ ಬರೆದ ಲೇಖನದಲ್ಲಿ. ಹೆಸರು ತೆಗೆದುಬಿಟ್ಟರೆ ಆಯಿತು ಎಂದು ತರಗತಿಯಲ್ಲಿ ನಾವು ಹೇಳಿಕೊಡುತ್ತೇವೆ. ಹೆಸರು ತೆಗೆದರೆ ಅಪರಿಚಿತರಿಗೆ ಗೊತ್ತಾಗುವುದಿಲ್ಲ, ನಿಜ. ಅಪರಿಚಿತರಿಗೆ ಗೊತ್ತಾದರೆ ಶೀನಣ್ಣನಿಗೆ ಆಗಬೇಕಾದ್ದೇನು? ಅವರು ಮುಚ್ಚಿಟ್ಟದ್ದು ಒಬ್ಬರಿಂದ. ಆ ಒಬ್ಬರಿಗೆ ಒಂದು ಲೋಟ ಕಾಫಿ ಸಾಕಾಯಿತು.

ಹೊರಡುವಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಸರೋಜಕ್ಕ, ನಾನು ಅದನ್ನು ತೆಗೆಸುತ್ತೇನೆ," ಎಂದೆ. ಅವರು ತಿರುಗಲಿಲ್ಲ. "ತೆಗಿ. ತೆಗೀಲಿಕ್ಕೆ ಅದೇನು ಬಟ್ಟೆ ಮೇಲಿನ ಕಲೆಯಾ," ಎಂದರು.

ಮರುದಿನವೇ ಪತ್ರಿಕೆಗೆ ಬರೆದೆ. ಲೇಖನ ಹಿಂದಕ್ಕೆ ಪಡೆಯಲು ಅವರದೊಂದು ಅರ್ಜಿ ಇದೆ. ಕಾರಣಗಳ ಪಟ್ಟಿಯಲ್ಲಿ ಒಂದನ್ನು ಆರಿಸಬೇಕು: ಕೃತಿಚೌರ್ಯ, ಲೆಕ್ಕದ ತಪ್ಪು, ಸಹಲೇಖಕರ ಜಗಳ. ಬಾಯಿ ಬಿಟ್ಟೆ ಎಂಬುದು ಪಟ್ಟಿಯಲ್ಲಿರಲಿಲ್ಲ. ಇತರೆ ಎಂಬಲ್ಲಿ ಗುರುತು ಹಾಕಿದೆ. ಬಾಲ್ಯದ ನೆನಪು ದತ್ತಾಂಶವಲ್ಲ, ಆದ್ದರಿಂದ ತಿದ್ದುಪಡಿಯ ಪ್ರಶ್ನೆಯೇ ಇಲ್ಲ ಎಂದು ಉತ್ತರ ಬಂತು. ಮತ್ತೆ ಬರೆದೆ. ಮತ್ತೆ ಅದೇ ಉತ್ತರ, ಈ ಸಲ ಇನ್ನೂ ವಿನಯವಾಗಿ. ಮೂರನೆಯ ಸಲ ಶೀನಣ್ಣನ ಪ್ರಶ್ನೆಯನ್ನೇ ಅವರಿಗೆ ಕೇಳಿದೆ: ಯಾರಿಗೂ ಕೇಳಿಸದಿದ್ದರೆ ನನಗೆ ಹೇಗೆ ಕೇಳಿಸಿತು? ಒಂದು ತಿಂಗಳು ಸದ್ದಿಲ್ಲ. ಆಮೇಲೆ ತೆಗೆದರು. ಓಡಾಡುತ್ತಿರುವ ಪ್ರತಿಗಳು ಓಡಾಡುತ್ತಲೇ ಇವೆ. ನನಗೆ ಗೊತ್ತಿರುವ ಕಾಲೇಜುಗಳಿಗೆಲ್ಲ ಒಂದೊಂದಾಗಿ ಬರೆಯುತ್ತಿದ್ದೇನೆ. ಇನ್ನೂ ಮುಗಿದಿಲ್ಲ, ಬಿಡುವುದಿಲ್ಲ.

ಪುಸ್ತಕದಿಂದ ಮೊದಲ ಅಧ್ಯಾಯ ಕಿತ್ತೆ. ಅದರ ಮೇಲೆ ನಿಂತಿದ್ದ ಮೂರನೆಯದು, ಐದನೆಯದು ತಾವಾಗಿ ಬಿದ್ದವು. ಪ್ರಕಾಶಕರು ಫೋನು ಎತ್ತುವುದನ್ನು ನಿಲ್ಲಿಸಿದರು. ನಮ್ಮ ಮುಖ್ಯಸ್ಥರು, ಒಳ್ಳೆಯ ಮನುಷ್ಯರು, ಕರೆದು ಕೂರಿಸಿ ತಮಿಳಿನಲ್ಲಿ ಸಮಾಧಾನ ಹೇಳಿದರು: "ವಿಡುಂಗ ಮೇಡಂ. ಯಾರು ಪಡಿಕ್ಕಪ್ಪೋರಾಂಗ?" ಬಿಡಿ, ಯಾರು ಓದುತ್ತಾರೆ ಎಂದು. ಅದು ಸಮಾಧಾನವೋ ವಿಮರ್ಶೆಯೋ ಎಂದು ಯೋಚಿಸುತ್ತ ಬಸ್ಸು ಹಿಡಿದೆ. ಕಿತ್ತದ್ದು ಕಿತ್ತದ್ದೇ. ಬಡ್ತಿ ಇನ್ನೆರಡು ವರ್ಷ ತಡವಾಗಲಿ. ಅಪ್ಪನನ್ನು ಪಿಸುಮಾತಿನ ಮನುಷ್ಯನನ್ನಾಗಿ ಮಾಡಿದ್ದೆನಲ್ಲ, ಅದನ್ನಂತೂ ತಿದ್ದಿ ಬರೆಯಲೇಬೇಕು.

ಲೇಖನ ತೆಗೆದ ವಾರ ಮತ್ತೆ ಪೋರೂರಿಗೆ ಹೋದೆ. ಮಗ ಸೊಸೆ ಕೆಲಸಕ್ಕೆ ಹೋಗಿದ್ದರು. ಅಜ್ಜ, ಅಜ್ಜಿ, ದಿವ್ಯಾ ಇದ್ದರು. ಈ ಹೊತ್ತಿಗೆ ಮಾತು ಶುರುವಾಗಿತ್ತು, ಆದರೆ ದಿವ್ಯಾಳ ಮೂಲಕ. "ಅಜ್ಜನಿಗೆ ಮಜ್ಜಿಗೆ ಬೇಕಾ ಕೇಳು," ಎಂದು ಎರಡು ಅಡಿ ದೂರದಲ್ಲಿದ್ದ ಅಜ್ಜನ ಬಗ್ಗೆ ಅಜ್ಜಿ ಹೇಳುವುದು. "ಬೇಡ ಅಂತ ಹೇಳು," ಎಂದು ಅಜ್ಜ ಹೇಳುವುದು. ದಿವ್ಯಾ ಫೋನಿನಿಂದ ತಲೆ ಎತ್ತದೆ ಇಬ್ಬರಿಗೂ, "ಕೇಟ್ಟಾಚ್ಚು," ಕೇಳಿಯಾಯ್ತು ಎಂದು ತಮಿಳಿನಲ್ಲಿ ಹೇಳುವುದು.

ಲೇಖನ ತೆಗೆದರು ಎಂದೆ. ಸರೋಜಕ್ಕ ಮೊದಲ ಸಲ ನನ್ನ ಎದುರು ಕುಳಿತರು.

"ನನಗೆ ಆ ಹುಡುಗಿ ಮೇಲೆ ಸಿಟ್ಟು ಅಂತ ತಿಳ್ಕೊಂಡಿದ್ದೀಯಾ?" ಎಂದರು. "ಅವಳು ಯಾರೋ, ಎಲ್ಲಿದ್ದಾಳೋ, ಚೆನ್ನಾಗಿರಲಿ. ಹೋಟೆಲಿನ ನಲವತ್ತು ಜನಕ್ಕೆ ಗೊತ್ತಿತ್ತು. ನನ್ನ ಮದುವೆಯಲ್ಲಿ ನನಗೆ ಪಾಯಸ ಬಡಿಸಿದವರಿಗೆ ಗೊತ್ತಿತ್ತು. ನಿನಗೆ ಗೊತ್ತಿತ್ತು, ನಿನ್ನ ಕಾಲೇಜಿಗೆ ಗೊತ್ತಿತ್ತು. ಈಗ ನೀನು ತೆಗೆದದ್ದೂ ಅವರಿಗೆಲ್ಲ ಗೊತ್ತಾಗ್ತದೆ. ನನಗೆ ಮಾತ್ರ ಎರಡು ಸಾಲು. ನೀನು ಅಲ್ಲಿ ಕೂತಿದ್ದೆಯಲ್ಲ? ಪೂರ್ತಿ ಕೇಳಿದ್ದೀ ಅಲ್ವಾ?"

"ಕೇಳಿದ್ದೇನೆ."

"ಹಾಗಾದರೆ ಉಳಿದದ್ದು ಹೇಳು. ಎಂತ ಇತ್ತು ಆ ಕಾಗದದಲ್ಲಿ?"

ಶೀನಣ್ಣ ಕಿಟಕಿಯ ಕಡೆ ನೋಡುತ್ತಿದ್ದರು. ದಿವ್ಯಾ ಫೋನು ಕೆಳಗಿಟ್ಟಳು.

ಉಳಿದದ್ದು ನನಗೆ ಗೊತ್ತು, ಅಥವಾ ಗೊತ್ತು ಎಂದುಕೊಂಡಿದ್ದೇನೆ. ಲೇಖನದಲ್ಲಿ ನಾನು ಬಿಟ್ಟ ಭಾಗ ತಮಾಷೆಯದಲ್ಲ, ಅದಕ್ಕೇ ಬಿಟ್ಟಿದ್ದೆ. ಹೇಳಿದ್ದರೆ ಸರೋಜಕ್ಕನ ಮನಸ್ಸು ಬಹುಶಃ ಅಲ್ಲಿಯೇ ತಿಳಿಯಾಗುತ್ತಿತ್ತು. ನನ್ನ ತಪ್ಪಿಗೆ ಅಷ್ಟಾದರೂ ಪರಿಹಾರ ಎಂದು ನಾಲಿಗೆಯ ತುದಿಗೆ ಬಂದಿತ್ತು ಕೂಡ. ನನ್ನ ನಾಲಿಗೆ ನನಗೆ ಗೊತ್ತಿಲ್ಲದ್ದಲ್ಲ.

"ಅದು ನನ್ನ ಕಾಗದ ಅಲ್ಲ ಸರೋಜಕ್ಕ," ಎಂದೆ. "ಅವರನ್ನೇ ಕೇಳಿ."

"ಕೇಳಿದೆ. ಹೇಳುವುದಿಲ್ಲ ಅವರು."

"ಹೇಳುವುದಿಲ್ಲ ಅಂದರೆ ನಾನೂ ಹೇಳುವುದಿಲ್ಲ."

"ಊರಿಗೆಲ್ಲ ಹೇಳಿದವಳು."

"ಹೌದು. ಊರಿಗೆಲ್ಲ ಹೇಳಿದವಳೇ."

ಸರೋಜಕ್ಕನ ಮುಖ ಕೆಂಪಾಯಿತು. ಇನ್ನು ಈ ಮನೆಯ ಬಾಗಿಲು ನನಗೆ ಮುಚ್ಚಿತು ಎಂದುಕೊಂಡೆ. ಮುಚ್ಚಿದರೂ ಸರಿ ಎಂದು ಗಟ್ಟಿಯಾಗಿ ಕೂತೆ. ಮೇಲೆ ಫ್ಯಾನು ತಿರುಗುತ್ತಿತ್ತು.

ಶೀನಣ್ಣ ಕಿಟಕಿಯಿಂದ ಮುಖ ತಿರುಗಿಸಿದರು. "ಸರೋಜಾ," ಎಂದರು. ದಿವ್ಯಾಳ ಮೂಲಕವಲ್ಲ, ನೇರವಾಗಿ. "ಕೂತ್ಕೋ ಇಲ್ಲಿ. ಅದು ನನ್ನ ಅಕ್ಕ ಬರ್ದ ಕಾಗದ. ಅಕ್ಕ ಅದರಲ್ಲಿ..."

ನಾನು ಚೀಲ ಎತ್ತಿಕೊಂಡು ಎದ್ದೆ. ದಿವ್ಯಾ ಕದಲಲಿಲ್ಲ, ಕಿವಿಯೆಲ್ಲ ಅಜ್ಜನ ಕಡೆಗಿತ್ತು. ಅವಳ ಮೊಣಕೈ ಹಿಡಿದು ಎಬ್ಬಿಸಿದೆ, ಹೊರಗೆ ಕರೆದುಕೊಂಡು ಬಂದು ಬಾಗಿಲು ಎಳೆದುಕೊಂಡೆ. ಬಾಗಿಲ ಹೊರಗೇ ನಿಲ್ಲಲು ಹೊರಟವಳನ್ನು ಬಿಡದೆ ಎರಡು ಮಹಡಿ ಇಳಿಸಿ ಬೀದಿಗೆ ತಂದೆ.

"ಅನ್ಯಾಯ ಆಂಟಿ," ಎಂದಳು ಅವಳು. "ನಾನು ಫ್ಯಾಮಿಲಿ ತಾನೇ. ಮೇಲೆ ಏನು ಹೇಳ್ತಿದ್ದಾರೆ? ನಿಮಗೆ ಗೊತ್ತಲ್ವಾ?"

"ಗೊತ್ತು," ಎಂದೆ. ಆಮೇಲೆ ಅವಳ ಪರೀಕ್ಷೆ ಯಾವಾಗ ಎಂದು ಕೇಳಿದೆ.